ಹಸಿವಿಲ್ಲದವಳ ಸಕ್ಕರೆ ಕಾರ್ಯ

ಮಧುಮತಿಯ ಬಾಯಲ್ಲಿ ಅರ್ಧ ಮೊಟ್ಟೆ ಇತ್ತು, ಇನ್ನರ್ಧ ಕೈಯಲ್ಲಿ. ಶ್ರಾವಣ ಸೋಮವಾರದ ಸಂಜೆ, ಮುಧೋಳ ಬಸ್ ಸ್ಟ್ಯಾಂಡಿನ ಹಿಂಬದಿ, ಆಮ್ಲೆಟ್ ಗಾಡಿಯ ಮರೆ. ಸರಿಯಾಗಿ ಆಗಲೇ ಎದುರಿಗೆ ಒಂದು ಬೈಕ್ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಸೀರೆಯ ಗಂಟು. ಇಳಿದವನು ಬನಹಟ್ಟಿಯ ಸೋಮಲಿಂಗ. ಹೋದ ವಾರವಷ್ಟೇ ತಾಯಿಯ ಜೊತೆ ಜಮಖಂಡಿಯ ಅವಳ ಮನೆಗೆ ಬಂದು ಅವಳನ್ನು ನೋಡಿಕೊಂಡು ಹೋಗಿದ್ದ ವರ.

"ತತ್ತಿ ತಿನ್ನಾಕತ್ತೀರೇನ್ರಿ?" ಎಂದ.

ಅದು ಮಗ್ಗದವರ ದನಿ. ದಿನವೆಲ್ಲ ಪವರ್‌ಲೂಮಿನ ಸದ್ದಿನ ಮೇಲೆ ಮಾತಾಡಿದವರ ದನಿ. ಅವನ ಲೆಕ್ಕದಲ್ಲಿ ಅದು ಪಿಸುಮಾತು. ಬೀಳಗಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

ಬಾಯಲ್ಲಿದ್ದದ್ದನ್ನು ಹಿಟ್ಟಾಗುವವರೆಗೆ ಅಗಿಯಬೇಕು, ಅವಸರ ಮಾಡಿದರೆ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಗಿದಳು. ಅವನು ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಅಂಗಡಿಯ ಮುಂದೆ ಚಿಲ್ಲರೆಗೆ ಕಾಯುವವನಂತೆ ಕಾದ.

"ಹೂಂ ರಿ. ತತ್ತಿ," ಎಂದಳು ಕೊನೆಗೆ.

ನಾಚಿಕೆಯಾಗಬೇಕಿತ್ತು. ಮನೆಯಲ್ಲಿ ಈರುಳ್ಳಿ ಹೆಚ್ಚುವಾಗಲೂ ವಾರ ನೋಡುವ ಜನ. ಅವಳು ತನ್ನೊಳಗೆ ನಾಚಿಕೆಯನ್ನು ಹುಡುಕಿದಳು. ಸಿಗಲಿಲ್ಲ. ಹೆದರಿಕೆಯೂ ಸಿಗಲಿಲ್ಲ. ಹಲ್ಲಿನ ಡಾಕ್ಟರ ಸೂಜಿಯಾದ ಮೇಲೆ ಕೆನ್ನೆ ಮುಟ್ಟಿಕೊಂಡರೆ ಹೇಗೋ, ಅವಳಿಗೆ ತನ್ನ ಬದುಕೇ ಹಾಗಿತ್ತು.

"ನಮ್ಮವ್ವ ನಿಮಗ ಶರಣಿ ಅಂತಾಳ್ರಿ," ಎಂದ ಸೋಮಲಿಂಗ. "ನಮ್ಮ ಓಣ್ಯಾಗ ಎಲ್ಲಾರಿಗೂ ಹೇಳ್ಯಾಳ. ಒಂದ ಹಿಡಿ ಉಣ್ತಾಳಂತ, ನೀರ ಸೈತ ಮುಟ್ಟಂಗಿಲ್ಲಂತ, ಅಂಥಾ ಸೊಸಿ ಬರಾಕತ್ತಾಳ ಅಂತ."

"ಗೊತ್ತೈತ್ರಿ."

"ಮತ್ತ ಇದು?"

ಸುಳ್ಳು ಹೇಳಲೂ ಒಂದಿಷ್ಟು ಹುರುಪು ಬೇಕು. ಅವಳಲ್ಲಿ ಅದಿರಲಿಲ್ಲ. ಹಾಗಾಗಿ ಹೇಳಿಬಿಟ್ಟಳು.

ಹೋದ ವರ್ಷ ಅವಳ ತೂಕ ನೂರಿಪ್ಪತ್ತು ದಾಟಿತ್ತು. ಸಕ್ಕರೆ ಬೇನೆ ಅಂಟಿಕೊಂಡಿತ್ತು, ಮುಧೋಳದ ಪೋಸ್ಟ್ ಆಫೀಸಿನಲ್ಲಿ ಕೆಲಸದ ಕೌಂಟರಿಗೆ ಕೂತರೆ ಏಳಲು ಮೇಜು ಹಿಡಿಯಬೇಕಾಗಿತ್ತು. ಬೆಳಗಾವಿಗೆ ಹೋಗಿ ಹೊಟ್ಟೆ ಸಣ್ಣದು ಮಾಡುವ ಆಪರೇಶನ್ ಮಾಡಿಸಿಕೊಂಡಳು. ಮೈ ಇಳಿಯಿತು, ಬೇನೆ ಹಿಡಿತಕ್ಕೆ ಬಂತು. ಆದರೆ ಊರಿಗೆ ಹೇಳುವುದು ಏನನ್ನು? ಹುಡುಗಿಯ ಹೊಟ್ಟೆಗೆ ಕತ್ತರಿ ಬಿದ್ದಿದೆ ಎಂದರೆ ಮೊದಲ ಪ್ರಶ್ನೆ ಮಕ್ಕಳದ್ದೇ. ರಬಕವಿಯಲ್ಲಿ ಬಂಧುಗಳ ಮನೆಯ ವಾಸ್ತುಶಾಂತಿಯ ಪಂಕ್ತಿಯಲ್ಲಿ ಯಾರೋ "ಯಾಕಿಷ್ಟ ಕಡಿಮಿ ಉಣ್ಣಾಕತ್ತಾಳ ತಂಗಿ?" ಎಂದು ಕೇಳಿದಾಗ ಅವಳ ತಾಯಿ ಮಾದೇವಿ ಥಟ್ಟನೆ, "ಒಪ್ಪೊತ್ತ ಹಿಡದಾಳ್ರಿ, ವ್ರತ" ಎಂದಿದ್ದಳು. ಊಟದ ನಡುವೆ ನೀರು ಯಾಕೆ ಕುಡಿಯುವುದಿಲ್ಲ? ಅದೂ ವ್ರತ. ಹೋಳಿಗೆ ಯಾಕೆ ಮುಟ್ಟುವುದಿಲ್ಲ? ವ್ರತ. ಅದೇ ಪಂಕ್ತಿಯಲ್ಲಿದ್ದ ಸೋಮಲಿಂಗನ ತಾಯಿ ಶಂಕ್ರೆವ್ವ ಎಲೆ ಬಿಟ್ಟು ಎದ್ದು ಬಂದು ಹುಡುಗಿಗೆ ಕೈ ಮುಗಿದಿದ್ದಳು.

"ಹೊಟ್ಟೀನ ಕತ್ತರಿಸಿ ಸಣ್ಣದ ಮಾಡ್ತಾರ?" ಎಂದ ಸೋಮಲಿಂಗ.

"ಮಾಡ್ತಾರ."

"ಬ್ಲೌಸ್ ಆಲ್ಟ್ರೇಶನ್ ಮಾಡಿದಂಗ?"

"ಸುಮಾರ ಹಂಗ."

ಅವನು ಅವಳ ಮುಖವನ್ನೇ ನೋಡಿದ. ನಗು ಬರುತ್ತದೇನೋ ಎಂದು ಕಾದ. ಬರಲಿಲ್ಲ. "ಬಸ್ ಬಂತ ನೋಡ್ರಿ," ಎಂದ. ಅವಳ ಚೀಲ ಎತ್ತಿಕೊಟ್ಟ. ಕಿಟಕಿಯ ಕೆಳಗೆ ನಿಂತು, "ನಾ ಯಾರಿಗೂ ಹೇಳಂಗಿಲ್ರಿ!" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ.

ಮುಂದಿನ ಸೋಮವಾರವೂ ಬಂದ. ಮುಧೋಳದ ಅಂಗಡಿಗಳಿಗೆ ಸೀರೆ ಹಾಕುವ ದಿನ ಅದು, ನಿಜ. ಆದರೆ ಅಂಗಡಿಗಳು ಇದ್ದದ್ದು ಊರಿನ ಆ ತುದಿಗೆ.

ಬಂದವನೇ ಚಹಾ ತಂದ. ಸಕ್ಕರೆ ಪಾಕದಂಥ ಚಹಾ. ಅವಳು ತಲೆಯಾಡಿಸಿದಳು. ಸೋಡಾ ತಂದ. ಅದೂ ಆಗುವುದಿಲ್ಲ, ಹೊಟ್ಟೆ ಉಬ್ಬುತ್ತದೆ. ನೀರಿನ ಬಾಟಲಿ ಚಾಚಿದ. ತಿಂದು ಅರ್ಧ ಗಂಟೆ ಆಗಬೇಕು ಎಂದಳು.

"ನಿಮ್ಮನ್ನ ಉಪಚಾರ ಮಾಡೂದ ಹೆಂಗ್ರಿ ಮತ್ತ?"

"ಸುಮ್ನ ಕೂಡ್ರಿ. ಸಾಕು."

ಅವನು ಕೂತ. ಸುಮ್ಮನೆ ಕೂಡುವುದು ಅವನಿಗೆ ಹೊಸ ಕೆಲಸ. ಮೊಣಕಾಲು ಕುಣಿಸಿದ, ಬೈಕಿನ ಕೀಲಿ ತಿರುಗಿಸಿದ, ಗಿರ್ಮಿಟ್ ಪೊಟ್ಟಣ ಬಿಚ್ಚಿ ಅವಳಷ್ಟೇ ನಿಧಾನವಾಗಿ ತಿನ್ನಲು ನೋಡಿದ. ಅವಳು ಎರಡನೇ ತುತ್ತಿಗೆ ಬರುವಷ್ಟರಲ್ಲಿ ಅವನ ಪೊಟ್ಟಣ ಖಾಲಿ. ಮೀಸೆಯ ತುದಿಗೆ ಒಂದು ಚೂರು ಚುರುಮುರಿ ಅಂಟಿತ್ತು. ಅವಳು ಅದನ್ನೇ ನೋಡಿದಳು. ಅವನು ಅವಳು ನೋಡುವುದನ್ನು ನೋಡಿದ.

"ಏನ್ರಿ?"

"ಚುರುಮುರಿ."

ಒರೆಸಿಕೊಂಡ. ತಪ್ಪು ಬದಿ. "ಹೋತೇನ್ರಿ?"

"ಇಲ್ಲ."

ಮತ್ತೆ ಒರೆಸಿಕೊಂಡ. ಮತ್ತೆ ಅದೇ ಬದಿ. ಬೇಕೆಂದೇ ಮಾಡುತ್ತಿದ್ದಾನೆ ಎಂದು ಗೊತ್ತಾಯಿತು. ಹಿಂದಿನ ಮಧುಮತಿಯಾಗಿದ್ದರೆ ಕೈ ಚಾಚುತ್ತಿದ್ದಳೋ ಏನೋ. ಈ ಮಧುಮತಿ ತನ್ನ ಡಬ್ಬಿಯ ಮುಚ್ಚಳ ಹಾಕಿದಳು.

"ನಿಮಗ ಒಂದ ಮಾತ ಹೇಳ್ಬೇಕ್ರಿ," ಎಂದಳು. "ಆಪರೇಶನ್ ಆದಾಗಿಂದ ನನಗ ಹಸಿವ ಆಗಂಗಿಲ್ಲ. ಗಡಿಯಾರ ನೋಡಿ ಉಣ್ತೇನಿ. ಹಸಿವಿನ ಜೋಡಿ ಮತ್ತೇನೇನೋ ಹೋಗ್ಯಾವ ಅನಸ್ತೈತಿ. ಹೊಸಾ ಸೀರಿ ಉಟ್ರೂ ಅಷ್ಟ, ಅಳಬೇಕಂದ್ರೂ ಅಷ್ಟ. ಡಾಕ್ಟರ್ ಕೆಲವರಿಗೆ ಹಿಂಗ ಆಗ್ತೈತಿ, ಸಾವಕಾಶ ಸರಿ ಹೋಗ್ತೈತಿ ಅಂದ್ರು. ಹೋಗಲಿಲ್ಲಂದ್ರ? ನೀವು ನನ್ನ ಲಗ್ನ ಆಗಿ, ನನ್ನ ಕಡೆ ನೋಡ್ಕೋತ ಕುಂತು, ನಾ ಹಿಂಗ ಕುಂತಿದ್ರ?"

ಗಲಗಲಿ ಬಸ್ ಬಂದು ಜನ ಇಳಿಸಿ ಹೋಯಿತು.

"ಹಸಿವಿಲ್ಲಂತ ಊಟ ಬಿಟ್ಟೀರೇನು?"

"ಬಿಟ್ರ ಹೆಂಗ್ರಿ? ಹೊತ್ತಿಗೆ ಸರಿಯಾಗಿ ತಿನ್ನಬೇಕಲ್ಲ."

"ಹಂಗ ನನ್ನ ಜೋಡೀನೂ ಹೊತ್ತಿಗೆ ಸರಿಯಾಗಿ ಕೂಡ್ರಿ. ಮುಂದಿಂದು ಮುಂದ ನೋಡೂಣು."

ಅದು ಪ್ರೀತಿಯ ಮಾತೋ ವ್ಯಾಪಾರದ ಮಾತೋ ಅವಳಿಗೆ ತಿಳಿಯಲಿಲ್ಲ. ಆದರೆ ಅಂಥ ಮಾತನ್ನು ಹೊರುವುದು ಹಗುರ. ಸಂತೋಷಪಡು ಎಂದು ಅದು ಯಾರನ್ನೂ ಒತ್ತಾಯ ಮಾಡುತ್ತಿರಲಿಲ್ಲ.

ಸಕ್ಕರೆ ಕಾರ್ಯಕ್ಕೆ ದಿನ ಗೊತ್ತಾಯಿತು. ನಿಶ್ಚಯದ ದಿನ ಹಿರಿಯರ ಮುಂದೆ ಹುಡುಗಿಯ ಬಾಯಿಗೆ ಸಕ್ಕರೆ ಹಾಕುತ್ತಾರೆ. ಸಕ್ಕರೆ ಬಾಯಿಗೆ ಬಿದ್ದಿತೆಂದರೆ ಮಾತು ಗಟ್ಟಿ, ಆಮೇಲೆ ಎರಡೂ ಕಡೆಯವರು ಹಿಂದೆ ಸರಿಯುವಂತಿಲ್ಲ.

"ಸಕ್ಕರಿ ನನಗ ಆಗಂಗಿಲ್ರಿ," ಎಂದಳು ಮಧುಮತಿ, ಮುಂದಿನ ಸೋಮವಾರ ಬಸ್ ಸ್ಟ್ಯಾಂಡಿನಲ್ಲಿ. "ಹೊಟ್ಟಿಗೆ ಹೋದ್ರ ಎದಿ ಡಬಡಬ ಅಂತೈತಿ, ಬೆವರ ಬಿಟ್ಟು ವಾಂತಿ ಆಗ್ತೈತಿ. ನಿಮ್ಮವ್ವಗ ಮೊದಲ ಖರೆ ಹೇಳೂದ ಛಲೋ."

ಸೋಮಲಿಂಗನ ಮುಖ ಸಣ್ಣದಾಯಿತು. ಹದಿನಾರು ಮಗ್ಗ ನಡೆಸುವವನು ತಾಯಿಯ ಎದುರು ಮಾತ್ರ ಇನ್ನೂ ಶಾಲೆ ಹುಡುಗ. "ಕಾರ್ಯ ಆಗಿಬಿಡ್ಲಿ. ಆಮ್ಯಾಲ ನಾ ಹೇಳ್ತೇನಿ. ಸಕ್ಕರಿ ನಾಲಿಗಿ ಮ್ಯಾಲ ಇಟ್ಕೊಂಡ, ಯಾರೂ ನೋಡದಂಗ ಸೆರಗಿಗೆ ಉಗಳಿಬಿಡ್ರಿ."

"ಆಗಲಿ," ಎಂದಳು. ಅವಳಿಗೆ ಎಲ್ಲದಕ್ಕೂ ಆಗಲಿ ಎನ್ನುವುದು ರೂಢಿಯಾಗಿತ್ತು.

ಅದರ ಮರು ಸೋಮವಾರ ಅವನು ಬರಲಿಲ್ಲ.

ಕಾರ್ಯದ ದಿನ ಜಮಖಂಡಿಯ ಮನೆ ತುಂಬಿತ್ತು. ಮಧುಮತಿಯ ತಂದೆ ಬಸಗೊಂಡಪ್ಪ ತಲೆಗೆ ಹೊಸ ಪಟಗ ಸುತ್ತಿಕೊಂಡು ಬಾಗಿಲಲ್ಲೇ ನಿಂತಿದ್ದ. ಬನಹಟ್ಟಿಯವರು ಎರಡು ಟೆಂಪೊದಲ್ಲಿ ಬಂದರು. ಸೋಮಲಿಂಗ ಎದುರಿಗೆ ಕೂತು, ಸನ್ನೆಯಲ್ಲಿ ಕ್ಷಮೆ ಕೇಳಲು ನೋಡಿ, ಆಗದೆ ಬಾಯಿ ಬಿಟ್ಟ. "ಹೋದ ಸೋಮಾರ ಅವ್ವಗ ಚಕ್ಕರ ಬಂದ ಬಿದ್ದಿದ್ಲರಿ, ಅದಕ್ಕ!" ಮನೆಯೆಲ್ಲ ನಕ್ಕಿತು. ಹೋದ ಸೋಮವಾರ ಇವರಿಬ್ಬರಿಗೆ ಏನು ಕೆಲಸವಿತ್ತು ಎಂದು ಹೆಂಗಸರು ಒಬ್ಬರನ್ನೊಬ್ಬರು ಚಿವುಟಿಕೊಂಡರು. ಮಧುಮತಿ ತಲೆ ತಗ್ಗಿಸಿದಳು. ನಾಚಿಕೆಯಿಂದಲ್ಲ. ತಗ್ಗಿಸುವ ಹೊತ್ತು ಅದು ಎಂದು.

ಶಂಕ್ರೆವ್ವ ಬೆಳ್ಳಿ ಬಟ್ಟಲು ಹಿಡಿದು ಎದ್ದು ಬಂದಳು. "ಬಾಯಿ ತಗಿ ನನ ಶರಣಿ," ಎಂದಳು.

ಅವಳ ಕೈ ನಡುಗುತ್ತಿತ್ತು. ಸಕ್ಕರೆ ಕಾಳು ಚಾಪೆಯ ಮೇಲೆ ಉದುರಿತು. ಮೋಡ ಕವಿದು ತಂಪಾಗಿದ್ದ ಹೊತ್ತಿನಲ್ಲೂ ಮುದುಕಿಯ ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಕಣ್ಣು ಎಲ್ಲೋ ನೋಡುತ್ತಿತ್ತು. ಮಧುಮತಿಗೆ ಆ ನಡುಕ ಗೊತ್ತಿತ್ತು. ಸಕ್ಕರೆ ಬೇನೆಯ ದಿನಗಳಲ್ಲಿ, ಗುಳಿಗೆ ನುಂಗಿ ಊಟ ತಪ್ಪಿಸಿದಾಗ, ತನ್ನ ಕೈಯೂ ಹಾಗೆ ನಡುಗಿತ್ತು.

"ಅತ್ತೀ, ಮುಂಜಾನಿ ಏನ್ ತಿಂದೀರಿ?"

"ನಾ ತಿಂತೀನೇನವ್ವಾ? ನಿನ್ನ ನೋಡಿ ನಾನೂ ಒಪ್ಪೊತ್ತ ಹಿಡದೀನಿ. ಶ್ರಾವಣ ಮುಗೀತನಕ."

"ಸಕ್ಕರಿ ಬ್ಯಾನಿ ಗುಳಗಿ ತಗೋತೀರೇನು?"

"ಅದನ್ನ ಬಿಡಾಕ ಬರ್ತೈತೇನ? ತಗೊಂಡೀನಿ."

ಸುಮ್ಮನೆ ಬಾಯಿ ತೆರೆದರೆ ಮದುವೆ ಆಗುತ್ತಿತ್ತು. ಆದರೆ ಈ ಮುದುಕಿ ಒಂದು ಸುಳ್ಳನ್ನು ನಂಬಿ ಖಾಲಿ ಹೊಟ್ಟೆಗೆ ಗುಳಿಗೆ ನುಂಗಿ ಎದುರಿಗೆ ನಿಂತಿದ್ದಳು. ಮಧುಮತಿ ಯೋಚಿಸಲಿಲ್ಲ. ಬಟ್ಟಲು ಕಸಿದುಕೊಂಡು, ಒಂದು ಹಿಡಿ ಸಕ್ಕರೆ ತೆಗೆದು ಶಂಕ್ರೆವ್ವನ ಬಾಯಿಗೇ ಹಾಕಿದಳು. "ನುಂಗ್ರಿ. ಲಗೂನ ನುಂಗ್ರಿ. ಸೋಮಲಿಂಗ, ಅವ್ವನ ಹಿಡೀರಿ!"

ಅವನು ಜಿಗಿದು ಬಂದು ತಾಯಿಯನ್ನು ಹಿಡಿದು ಕೂಡಿಸಿದ. ಮಾದೇವಿ ಬೆಲ್ಲದ ನೀರು ತಂದಳು. ಮನೆಯಲ್ಲಿ ಗದ್ದಲವೋ ಗದ್ದಲ. ಬನಹಟ್ಟಿಯ ಹಿರಿಯ ಸಾಬಣ್ಣ, "ಇದ್ಯಾವ ಶಾಸ್ತ್ರ? ಹೆಣ್ಣ ಅತ್ತಿಗೆ ಸಕ್ಕರಿ ಹಾಕೂದು!" ಎಂದು ಕೂಗುತ್ತಿದ್ದ.

ಶಂಕ್ರೆವ್ವನ ಕಣ್ಣಿಗೆ ಬೆಳಕು ಮರಳುವ ತನಕ ಮಧುಮತಿ ಕಾದಳು. ಆಮೇಲೆ ಎಲ್ಲರ ಎದುರಿಗೆ, ಕೌಂಟರಿನಲ್ಲಿ ಹೇಳುವಂತೆ, ನಿಧಾನವಾಗಿ ಹೇಳಿದಳು.

"ಅತ್ತೀ, ನಾ ಶರಣಿ ಅಲ್ಲ. ವ್ರತಾನೂ ಇಲ್ಲ. ಹೊಟ್ಟಿ ಆಪರೇಶನ್ ಆಗೇತಿ. ಜಾಗಾ ಇಲ್ಲ, ಅದಕ್ಕ ಉಣ್ಣಂಗಿಲ್ಲ. ಡಾಕ್ಟರ್ ಹೇಳ್ಯಾರಂತ ತತ್ತೀನೂ ತಿಂತೇನಿ. ನನ್ನ ನೋಡಿ ನೀವು ಉಪಾಸ ಬೀಳಬ್ಯಾಡ್ರಿ."

ಮಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಸಗೊಂಡಪ್ಪ ನೆಲ ನೋಡಿದ. ಅಷ್ಟೊಂದು ಜನರ ನಡುವೆ ಶಂಕ್ರೆವ್ವ ಸಕ್ಕರೆ ಚಪ್ಪರಿಸುವ ಸದ್ದೊಂದೇ ಕೇಳಿತು.

"ಸೋಮ್ಯಾ, ನಿನಗ ಗೊತ್ತಿತ್ತೇನಲೇ?"

"ಗೊತ್ತಿತ್ತ ಬೇ. ನಾನಽ ಸುಮ್ಮನಿರಂದಿದ್ದೆ."

"ಹೇಡಿ," ಎಂದಳು ತಾಯಿ. ಬಹಳ ಹೊತ್ತು ಮಧುಮತಿಯನ್ನು ನೋಡಿದಳು. ಆಮೇಲೆ ಸಾಬಣ್ಣನ ಕಡೆ ತಿರುಗಿದಳು. "ಸಾಬಣ್ಣ, ಸಕ್ಕರಿ ಬಾಯಾಗ ಬಿದ್ದ ಮ್ಯಾಲ ಮಾತ ಹಿಂದಕ್ಕ ತಗೊಳ್ಳಾಕ ಬರ್ತೈತೇನ?"

"ಎಲ್ಲೀದು? ಬರಂಗಿಲ್ಲ."

"ಈಗ ಯಾರ ಬಾಯಾಗ ಬಿದ್ದೈತಿ?"

"ನಿನ್ನ ಬಾಯಾಗ."

"ಹಂಗಾದ್ರ ನಾ ಸಿಕ್ಕೊಂಡೆ. ಆತು, ಎದ್ದ ಊಟಾ ಮಾಡ್ರಿ." ಮಧುಮತಿಯ ಕೈ ಹಿಡಿದು ಎದ್ದಳು. "ತತ್ತಿ ಮಾತ್ರ ನನ ಒಲಿ ಮ್ಯಾಲ ಕುದಸಬ್ಯಾಡವ್ವಾ. ಹಿತ್ತಲಾಗ ಬ್ಯಾರೆ ಒಲಿ ಹೂಡ್ಕೊ. ನನ್ನ ಸುಮ್ಮ ಸುಮ್ಮನ ಉಪಾಸ ಕೆಡವಿದಿ, ಆ ಸಿಟ್ಟ ಐತಿ. ಸಾವಕಾಶ ಇಳೀತೈತಿ."

ಊಟದ ಗದ್ದಲ ಏರಿದಾಗ ಮಧುಮತಿ ಹಿತ್ತಲಿಗೆ ಬಂದು ಬಾವಿಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂತಳು. ಮೋಡ ಸರಿದು ಬಿಸಿಲು ಬಿದ್ದು ಬಹಳ ಹೊತ್ತಾಗಿತ್ತು. ಸೋಮಲಿಂಗ ಬಂದು ಒಂದು ಮಾರು ದೂರ ಕೂತ.

"ನಾ ಹೇಳಬೇಕಿತ್ರಿ. ನಿಮ್ಮ ಕಡಿಂದ ಹೇಳಿಸಿದೆ."

"ಹೂಂ."

"ಸಿಟ್ಟೈತೇನು?"

ಅವಳು ಹುಡುಕಿ ನೋಡಿದಳು. "ಸಿಟ್ಟ ಇಲ್ಲ. ಆದ್ರ ಒಂದ ಹೇಳ್ಬೇಕು. ಹೋದ ಸೋಮಾರ ನೀವ ಬರಲಿಲ್ಲ. ಜಮಖಂಡಿ ಬಸ್ ಬಂತು. ನಾ ಹತ್ತಲಿಲ್ಲ. ಇನ್ನೊಂದ ಬಂತು. ಅದನ್ನೂ ಬಿಟ್ಟೆ. ಯಾಕಂತ ಗೊತ್ತಿಲ್ಲ. ನೆನಪ ಆತು ಅನ್ನೂಹಂಗೂ ಇರಲಿಲ್ಲ, ದುಃಖಾನೂ ಇರಲಿಲ್ಲ. ಸುಮ್ನ ಕಾಲ ಏಳಲಿಲ್ಲ."

ಸೋಮಲಿಂಗನ ಕಿವಿಯ ತುದಿ ಕೆಂಪಾಯಿತು. ಅವಳು ಆ ಕೆಂಪು ಕುತ್ತಿಗೆಗೆ ಇಳಿಯುವುದನ್ನು, ಅಂಗಿಯ ಕಾಲರಿನೊಳಗೆ ಮರೆಯಾಗುವುದನ್ನು ನೋಡಿದಳು. ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಯಿತೋ ಎಂಬ ಪ್ರಶ್ನೆ ತನ್ನಷ್ಟಕ್ಕೆ ಬಂತು.

"ಕಲ್ಲ ಸುಡಾಕತ್ತೈತಿ," ಎಂದಳು.

"ಆಗಿಂದ ಅದರ ಮ್ಯಾಲ ಕುಂತೀರಿ. ಈಗ ಗೊತ್ತಾತೇನ್ರಿ?"

"ಹೂಂ. ಈಗ ಗೊತ್ತಾತು."

ಅಂದಳು, ಆದರೆ ಏಳಲಿಲ್ಲ. ಅವನು ಹತ್ತಿರ ಸರಿದು ಕೂತ.