ಹೆಗಲ ಮೇಲಿನ ಒಣ ಬಟ್ಟೆ

ಲೋಕದಲ್ಲಿ ಯುದ್ಧ, ಚುನಾವಣೆ ಮುಂತಾದ ಸಣ್ಣಪುಟ್ಟ ವಿಷಯಗಳು ಅನೇಕ. ಗಂಭೀರವಾದದ್ದು ಒಂದೇ: ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಒಣಗಿರಬೇಕು.

ಅಡುಗೆ ತರಬೇತಿ ಶಾಲೆಯ ಮೇಡಂ ಇದನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಒದ್ದೆ ಬಟ್ಟೆಯಲ್ಲಿ ಕಾದ ಕಬ್ಬಿಣ ಹಿಡಿದರೆ ನೀರು ಹಬೆಯಾಗಿ ಅಂಗೈಯನ್ನೇ ಬೇಯಿಸುತ್ತದೆ. ಒರೆಸುವ ಬಟ್ಟೆ ಸೊಂಟಕ್ಕೆ, ಹಿಡಿಯುವ ಬಟ್ಟೆ ಹೆಗಲಿಗೆ. ಮಕ್ಕಳು ಅವಳಿಗೆ ‘ಒಣಬಟ್ಟೆ ಮೇಡಂ’ ಎಂದು ಹೆಸರಿಟ್ಟಿದ್ದರು. ಅವಳ ಬಲಗೈಯ ಎರಡು ಬೆರಳು ಮಡಚುವುದಿಲ್ಲ ಎಂಬುದನ್ನು ಮಾತ್ರ ಯಾರೂ ತಮಾಷೆ ಮಾಡುತ್ತಿರಲಿಲ್ಲ.

ಅಂದು ಬೆಳಿಗ್ಗೆ, ಮಕ್ಕಳನ್ನು ಕೆಲಸಕ್ಕೆ ಆರಿಸಿಕೊಳ್ಳಲು ದೊಡ್ಡ ಹೋಟೆಲಿನ ಮುಖ್ಯ ಬಾಣಸಿಗ ಬಂದ. ಬಾಗಿಲಲ್ಲಿ ಅವನನ್ನು ಕಂಡು ಅವಳ ಮಾತು ಅರ್ಧಕ್ಕೇ ನಿಂತಿತು.

ಆರು ವರ್ಷ...

ಆಗ ಇಬ್ಬರೂ ಒಂದೇ ಅಡುಗೆಮನೆಯಲ್ಲಿ, ಒಂದೇ ಒಲೆಯ ಎರಡು ಬದಿಗೆ ಕೆಲಸ ಮಾಡುತ್ತಿದ್ದರು. ಮದುವೆಯ ಮಾತು ಮನೆಯವರೆಗೂ ಹೋಗಿತ್ತು. ಒಂದು ಮಧ್ಯಾಹ್ನ ಅವನು ತನ್ನ ಹೆಗಲ ಬಟ್ಟೆಯನ್ನು ಅವಳ ಕೈಗಿತ್ತ, ಅವಳು ಓವನ್‌ನಿಂದ ಬಾಣಲೆ ಎಳೆದಳು, ಅಂಗೈ ಬೆಂದುಹೋಯಿತು. ‘ಒದ್ದೆ ಬಟ್ಟೆ ಕೊಟ್ಟ ಪುಣ್ಯಾತ್ಮ’ ಎಂದು ಅಡುಗೆಮನೆಯೆಲ್ಲ ಅವನನ್ನು ಆಡಿಕೊಂಡಿತು. ಅವನು ಆಸ್ಪತ್ರೆಗೆ ಬರಲಿಲ್ಲ. ಕೈ ಕೆಟ್ಟವಳು ಬೇಡವಾದಳು ಎಂದು ಅವಳು ತೀರ್ಮಾನಿಸಿದಳು.

ಪರೀಕ್ಷೆ ಶುರುವಾಯಿತು. ಹೆಗಲ ಬಟ್ಟೆ ಮರೆತುಬಂದಿದ್ದ ಬಾಯಿಬಡುಕಿ ಹುಡುಗಿಯೊಬ್ಬಳು ಓವನ್ ಮುಂದೆ ನಿಂತು, ಬಾಣಸಿಗನ ಪಕ್ಕದ ಮೊಳೆಯಲ್ಲಿದ್ದ ಬಟ್ಟೆಗಾಗಿ ಕೈ ಚಾಚಿದಳು. ಅವನು ಅದನ್ನು ತೆಗೆದು, ಕೆನ್ನೆಗೆ ಒತ್ತಿ ನೋಡಿ, ಮೇಜಿನ ಮೇಲಿಟ್ಟ.

“ಯಾಕ್ ಸರ್, ಕೈಗೆ ಕೊಟ್ರೆ ಸವೆದ್ಹೋಗುತ್ತಾ?”

“ಕೈಗೆ ಕೊಡಲ್ಲಮ್ಮ ನಾನು. ನೀನೇ ಮುಟ್ಟಿ ನೋಡಿ ತಗೋ.”

ಮೇಡಂ ತಿರುಗಿ ಅವನನ್ನೇ ನೋಡಿದಳು.

ಮಕ್ಕಳು ಊಟಕ್ಕೆ ಹೋದ ಮೇಲೆ ಅವಳು ನಲ್ಲಿಯಡಿ ಕೈ ತೊಳೆಯುತ್ತ, ಆಸ್ಪತ್ರೆಗೆ ಯಾಕೆ ಬರಲಿಲ್ಲ ಎಂದು ಕೇಳಿಯೇಬಿಟ್ಟಳು. ಗೇಟಿನವರೆಗೆ ಒಂಬತ್ತು ದಿನ ಬಂದಿದ್ದನಂತೆ. ಕೈ ಸುಡಿಸಿದವನ ಮುಖ ಕಂಡರೆ ಅವಳ ಉರಿ ಹೆಚ್ಚೀತೆಂದು ಹಿಂದಿರುಗಿದನಂತೆ. ತನ್ನ ಹೆಗಲ ಬೆವರಿಗೇ ಬಟ್ಟೆ ಒದ್ದೆಯಾಗಿತ್ತೆಂದು ನಂಬಿದ್ದನಂತೆ. ಅಂದಿನಿಂದ ಯಾರ ಕೈಗೂ ಬಟ್ಟೆ ಕೊಟ್ಟಿಲ್ಲವಂತೆ.

ಅವಳು ನಲ್ಲಿ ನಿಲ್ಲಿಸಿದಳು. ಈಗಲೂ ಸುಮ್ಮನಿದ್ದರೆ?... ಅವನು ಕ್ಷಮೆ ಕೇಳುತ್ತಾನೆ, ನಾನು ದೊಡ್ಡ ಮನಸ್ಸು ಮಾಡುತ್ತೇನೆ, ಎಲ್ಲ ಸುಸೂತ್ರ.

“ನೀನು ಕೊಟ್ಟ ಬಟ್ಟೆ ಒಣಗೇ ಇತ್ತು,” ಎಂದಳು. “ಮೇಜಿನ ಮೇಲೆ ನೀರು ಚೆಲ್ಲಿತ್ತು. ಅದ್ರಲ್ಲೇ ಒರೆಸ್ದೆ. ಮರೆತು ಅದ್ರಲ್ಲೇ ಬಾಣಲೆ ಹಿಡಿದೆ.”



“ಗೊತ್ತಿತ್ತಾ ನಿಂಗೆ?”

“ಆವತ್ತೇ ಗೊತ್ತಿತ್ತು. ನೀನು ಬಂದ್ರೆ ಹೇಳೋಣ ಅಂತಿದ್ದೆ. ಬರ್ಲಿಲ್ಲ ನೀನು. ಆಮೇಲೆ... ನರಳ್ಲಿ ಅಂತ ಬಿಟ್ಟೆ.”

ಅಳುತ್ತಾನೋ ಬೈಯುತ್ತಾನೋ ಎಂದು ಕಾದಳು. ಅವನು ಎರಡೂ ಮಾಡಲಿಲ್ಲ. ತನ್ನ ಹೆಗಲಿನ ಬಟ್ಟೆ ತೆಗೆದು, ನೀರಿಳಿಯುತ್ತಿದ್ದ ಅವಳ ಬಲಗೈಗೇ ಇಟ್ಟ.

“ಒಣಗಿದೆಯಾ, ನೋಡು.”

“ಒಣಗಿದೆ ಕಣೋ.”

ಹನ್ನೊಂದು ಮಕ್ಕಳಲ್ಲಿ ಹತ್ತು ಮಂದಿ ಆಯ್ಕೆಯಾದರು. ಬಾಯಿಬಡುಕಿ, ಹೆಗಲ ಬಟ್ಟೆ ಮರೆತದ್ದಕ್ಕೆ, ಆಗಲಿಲ್ಲ. ಮೇಡಂ ಮತ್ತು ಬಾಣಸಿಗನ ಮದುವೆ ಚಳಿಗಾಲದಲ್ಲಾಯಿತು. ಅವಳ ಆ ಎರಡು ಬೆರಳು ಮಾತ್ರ ಮಡಚಲಿಲ್ಲ.