ಮದರ್‌ಬೋರ್ಡ್ ತಾಳದ ವೇಗ

ಬಿಷ್ಕೆಕ್ ನಗರದ ಕಂಪ್ಯೂಟರ್ ಬಜಾರಿನಲ್ಲಿ ಕುಬಾತ್‌ನಷ್ಟು ನಿಧಾನದ ರಿಪೇರಿಯವನು ಇನ್ನೊಬ್ಬನಿರಲಿಲ್ಲ. ವಸಂತದಲ್ಲಿ ಕೇಳಿದ ಪ್ರಶ್ನೆಗೆ ಹಿಮ ಬೀಳುವಾಗ ಉತ್ತರ ಕೊಡುತ್ತಿದ್ದ. ಆ ಉತ್ತರ ಸರಿಯಾಗಿಯೇ ಇರುತ್ತಿತ್ತು ಎಂಬುದೇ ಜನರ ಸಂಕಟ.

ಐಜಿರೆಕ್ ಮದುವೆ ವಿಡಿಯೋ ಎಡಿಟ್ ಮಾಡುವವಳು. ಅಂದು ಕಂಪ್ಯೂಟರಿನ ಜೊತೆ ಹೊಸ ರ‍್ಯಾಮ್ ಮೆಮೊರಿಯನ್ನೂ ತಂದು ಅವನ ಮೇಜಿನ ಮೇಲಿಟ್ಟಳು.

"ಮೂರು ಸಾವಿರದ ಆರುನೂರು ಸ್ಪೀಡು. ಅಷ್ಟಕ್ಕೇ ಇಡು."

"ನಿನ್ನ ಮದರ್‌ಬೋರ್ಡ್ ಹಳೇದು ಕಣೆ. ಅಷ್ಟು ತಡ್ಕೊಳಲ್ಲ. ಕಡಿಮೆ ಮಾಡಿ ಇಡ್ತೀನಿ."

"ನನ್ನ ಕಂಪ್ಯೂಟರೂ ನಿನ್ನ ಥರಾನೇ ತೆವಳ್ಬೇಕಾ?" ನಕ್ಕಳು; ಕಣ್ಣು ನಗಲಿಲ್ಲ. "ಭಾನುವಾರ ನಾರಿನ್ ಊರಿಂದ ಹುಡುಗನ ತಾಯಿ ಬಂದು ನನ್ನ ಕಿವಿಗೆ ಓಲೆ ಹಾಕ್ತಾಳೆ. ಹಾಕಿದ್ರೆ ನಿಶ್ಚಯ ಆದ ಹಾಗೇ. ಗೊತ್ತಾ?"

ಗೊತ್ತಿತ್ತು. ಬಜಾರಿನ ಬೆಕ್ಕುಗಳಿಗೂ ಗೊತ್ತಿತ್ತು. ಕುಬಾತ್ ಬಾಯಿ ತೆರೆದ. ಅವಳು ಉಸಿರು ಹಿಡಿದು ಅವನ ತುಟಿಗಳನ್ನೇ ನೋಡಿದಳು.

"ಚಹಾ ಕುಡೀತೀಯಾ?" ಎಂದ.

"ಪೂರ್ತಿ ಸ್ಪೀಡಿಗೆ ಇಡು ಮಾರಾಯ!"

ಜೀವಮಾನದಲ್ಲಿ ಮೊದಲ ಸಲ ಕುಬಾತ್ ಅವಸರ ಮಾಡಿದ. ಅವಳು ಹೇಳಿದಷ್ಟಕ್ಕೇ ಇಟ್ಟು, ಪರೀಕ್ಷೆಯನ್ನೂ ಮಾಡದೆ ಕೊಟ್ಟ. ಕಂಪ್ಯೂಟರ್ ಕುದುರೆಯ ಹಾಗೆ ಎದ್ದಿತು. ಅವಳು ಮುಗುಳ್ನಕ್ಕಳು, ಪರದೆಯನ್ನು ನೋಡಿ.

ಶುಕ್ರವಾರ ಅದೇ ಕಂಪ್ಯೂಟರನ್ನು ಎದೆಗವಚಿಕೊಂಡು ಬಂದಳು. ಕಣ್ಣು ಕೆಂಪಾಗಿದ್ದವು.

"ಫೈಲೆಲ್ಲ ಕೆಟ್ಟೋಗಿದೆ ಕುಬಾತ್. ನಾನು ಎಡಿಟ್ ಮಾಡ್ತಿದ್ದ ಮದುವೇಲಿ ಮದುಮಕ್ಕಳನ್ನ ಅವರಜ್ಜಿ ಹರಸಿದ್ದು ಅದರಲ್ಲಿತ್ತು. ಆ ಅಜ್ಜಿ ಮೊನ್ನೆ ತೀರ್ಕೊಂಡ್ರು. ಕ್ಯಾಮೆರಾ ಕಾರ್ಡನ್ನೂ ಅಳಿಸ್ಬಿಟ್ಟಿದೀನಿ."

"ತಪ್ಪು ನಂದು," ಎಂದ ಅವನು. "ಅಷ್ಟು ಸ್ಪೀಡು ಬೋರ್ಡ್ ತಡ್ಕೊಳಲ್ಲ, ಫೈಲು ಕೆಡುತ್ತೆ ಅಂತ ಗೊತ್ತಿತ್ತು."

"ಗೊತ್ತಿದ್ದೂ ಇಟ್ಯಾ?"

"ಇನ್ನೂ ತಡ ಮಾಡಿದ್ರೆ ನೀನು ಎದ್ದು ಹೋಗಿಬಿಡ್ತೀಯ ಅಂತ ಭಯ ಆಯ್ತು."

ಅವಳು ಸ್ಟೂಲು ಎಳೆದು ಕೂತು, ಕ್ಯಾಮೆರಾ ಕಾರ್ಡನ್ನು ಅವನ ಮುಂದಿಟ್ಟಳು. ಕುಬಾತ್ ಮೆಮೊರಿಯ ವೇಗವನ್ನು ಬೋರ್ಡ್ ತಾಳುವಷ್ಟಕ್ಕೆ ಇಳಿಸಿ, ಕಾರ್ಡ್ ಹಾಕಿ, ಅಳಿಸಿಹೋದದ್ದನ್ನು ಚೂರುಚೂರಾಗಿ ಹುಡುಕತೊಡಗಿದ. ಹಾಲಿನ ಚಹಾ ಕೆನೆಗಟ್ಟಿತು. ಪಕ್ಕದ ಅಂಗಡಿಯವರು ಬಾಗಿಲೆಳೆಯುವ ಹೊತ್ತಿಗೆ ಬಿಳಿ ರುಮಾಲಿನ ಮುದುಕಿಯೊಬ್ಬಳು ಪರದೆಯಲ್ಲಿ ಅಂಗೈ ತೆರೆದಳು.

"ಜೊತೇಲಿ ಮುದುಕರಾಗಿ, ಮಕ್ಕಳೇ. ನಿಮ್ಮ ಒಲೆ ಆರದಿರಲಿ."

ಹಿರಿಯರು ಹರಸುವಾಗ ಕೈ ಕಟ್ಟಿ ಕೂರುವುದು ಅಲ್ಲಿ ಯಾರಿಗೂ ಬರದು. ಇಬ್ಬರ ಅಂಗೈಗಳೂ ತಾವಾಗಿ ತೆರೆದವು. 'ಓಮಿನ್, ಹಾಗೇ ಆಗಲಿ' ಎಂದು ಮುಖ ಸವರಿಕೊಂಡರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

"ಆ ಆಶೀರ್ವಾದ ಬೇರೆಯವರಿಗೆ ಕೊಟ್ಟಿದ್ದು," ಎಂದಳು ಸಣ್ಣ ದನಿಯಲ್ಲಿ.

"ವಾಪಸ್ ತಗೊಳ್ಳೋಕೆ ಅಜ್ಜಿ ಇಲ್ವಲ್ಲ." ಅವನು ಎದ್ದು ನಿಂತ. "ನೀನಂದ್ರೆ ನಂಗೆ ಪ್ರಾಣ, ಐಜಿರೆಕ್. ನಿಮ್ಮಪ್ಪನ ಹತ್ರ ಬರ್ತೀನಿ. ಈಗಲೇ."

"ಅಪ್ಪ ಆಗಲೇ ಹುಡುಗನ ಮನೆಯವರಿಗೆ ಮಾತು ಕೊಟ್ಟಾಗಿದೆ. ಬಾಗಿಲಲ್ಲೇ ಉಗೀತಾರೆ."

"ಉಗೀಲಿ."

ಅವಳು ಕಣ್ಣೊರೆಸಿಕೊಂಡಳು. ಗೋಡೆಯ ಮೊಳೆಯಲ್ಲಿದ್ದ ಅವನ ಉಣ್ಣೆ ಟೊಪ್ಪಿಗೆ ತೆಗೆದು, ತಾನೇ ಅವನ ತಲೆಗಿಟ್ಟು ಸರಿಮಾಡಿದಳು.

"ಅಪ್ಪ ಕೂಗಾಡ್ತಿದ್ರೆ ಅಮ್ಮನ ಕಡೆ ನೋಡಿ ಮಾತಾಡು," ಎಂದಳು. "ಅಪ್ಪ ಹೆದರೋದು ಅಮ್ಮ ಒಬ್ಬಳಿಗೇ."