ಜೊಳ್ಳು ತುಂಬಿದ ಬಿತ್ತನೆ ಮೂಟೆಗಳು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೈಯಲ್ಲಿದ್ದ ಬಟ್ಟೆಯ ಗಂಟು ಬಿಚ್ಚಿ ಇನ್ಸ್‌ಪೆಕ್ಟರ್ ಮೇಡಂ ಮೇಜಿನ ಮೇಲೆ ಸುರಿದಳು. ಕಾಳಿಲ್ಲದ ಜೊಳ್ಳು. ಫ್ಯಾನಿನ ಗಾಳಿಗೆ ಅರ್ಧ ಹಾರಿ, ಮೀಸೆ ಹೆಡ್‌ಕಾನ್‌ಸ್ಟೆಬಲ್‌ನ ಚಹಾ ಲೋಟಕ್ಕೆ ಬಿತ್ತು.

"ನಮ್ಮ ಬಿತ್ತನೆ ಜೋಳದ ಮೂಟೆಯಿಂದ ಬಂದದ್ದು ಇದು. ಅದೂ ಬೀಜ ಪರೀಕ್ಷೆ ಅಧಿಕಾರಿ ಎದುರಿಗೇ. ಒಳ್ಳೇ ಬೀಜ ಯಾರೋ ಕದ್ದು ಇದನ್ನ ತುಂಬಿದ್ದಾರೆ ಮೇಡಂ."

ಅವಳು ಬೀಜ ಕಂಪನಿಯ ಅಧ್ಯಕ್ಷೆ. ಮನೆಯಂಗಳದಲ್ಲಿ ಬೀಜ ಹಸನು ಮಾಡಿ ನೆರೆಹೊರೆಗೆ ಕೊಡುತ್ತಿದ್ದ ಹೆಂಗಸರು ಹೋದ ವರ್ಷವಷ್ಟೇ ಕಂಪನಿ ನೋಂದಾಯಿಸಿದ್ದರು. ಲೈಸೆನ್ಸ್ ಸಿಕ್ಕರೆ ಸಣ್ಣ ರೈತರಿಗೆ ರಾಜಾರೋಷವಾಗಿ ಮಾರಬಹುದು. ಮೂಟೆಗಳ ವಿಷಯ ಶುಕ್ರವಾರದೊಳಗೆ ಇತ್ಯರ್ಥವಾಗದಿದ್ದರೆ ಅರ್ಜಿ ವಜಾ ಎಂದು ಅಧಿಕಾರಿ ಹೇಳಿ ಹೋಗಿದ್ದರು.

"ಯಾರ ಮೇಲಾದರೂ ಅನುಮಾನ?"

"ಪೇಟೆಯ ಬೀಜದಂಗಡಿಯವನು. 'ಒಲೆ ಊದೋರು ಕಂಪನಿ ಕಟ್ತಾರಂತೆ' ಅಂತ ಹಲ್ಲು ಕಿಸಿದಿದ್ದ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಗೋದಾಮಿನಲ್ಲಿ ನೆರೆಮನೆಯ ಇಬ್ಬರನ್ನು ಪಂಚರಾಗಿ ನಿಲ್ಲಿಸಿ ಪಂಚನಾಮೆ ಶುರುವಾಯಿತು. ಬೀಗ ಒಡೆದಿಲ್ಲ, ಕಿಟಕಿ ಸರಳು ಬಾಗಿಲ್ಲ. ಮುಂದಿನ ಸಾಲಿನ ಮೂಟೆಗಳಲ್ಲಿ ಬೀಜ, ಹಿಂದಿನ ಸಾಲಿನಲ್ಲಿ ಬರೀ ಜೊಳ್ಳು. ಇನ್ಸ್‌ಪೆಕ್ಟರ್ ಒಂದು ಮೂಟೆಯ ಬಾಯಿ ಬಿಚ್ಚಿ ಮೊಣಕೈವರೆಗೂ ಕೈ ಇಳಿಸಿದರು. ಹೊರಗೆ ಬಂದ ಕೈ ಬೂದು ಬಣ್ಣಕ್ಕೆ ತಿರುಗಿತ್ತು.

"ಬೂದಿ," ಎಂದರು.

"ಹುಳು ಬರದಿರಲಿ ಅಂತ ಬೀಜಕ್ಕೆ ಹಾಕ್ತಾರೆ ಮೇಡಂ," ಎಂದ ಮೀಸೆ, ಬರೆಯುವುದನ್ನು ನಿಲ್ಲಿಸಿ. "ಆದ್ರೆ ಜೊಳ್ಳಿಗೆ ಯಾವ ಹುಳು ಬರುತ್ತೆ? ಬಂದ್ರೂ ಉಪವಾಸ ಬಿದ್ದು ಸಾಯಬೇಕು!"

ಅಧ್ಯಕ್ಷೆ ನಗಲಿಲ್ಲ. "ಕಂಪನಿ ಆದ್ಮೇಲೆ ಬೂದಿ ಬಿಟ್ಟಿದ್ದೀವಿ. ಈಗೆಲ್ಲ ಔಷಧಿ ಪುಡಿ."

ಅಂಗಡಿಯವನ ಆಳಾಗಿದ್ದರೆ ತುಂಬಿ, ಕಟ್ಟಿ, ಕಾಲಿಗೆ ಬುದ್ಧಿ ಹೇಳುತ್ತಿದ್ದ. ಮೂಟೆಯ ಬಾಯಿ ಕಟ್ಟುವಾಗ ತಲೆಯನ್ನು ಕೇಳದೆ ತಾನಾಗಿಯೇ ಬೂದಿ ಹಾಕುವ ಕೈ ಇದು. ಇನ್ಸ್‌ಪೆಕ್ಟರ್ ಬಾಗಿಲ ಬಳಿಯ ಕಾವಲುಗಾರನತ್ತ ತಿರುಗಿದರು.

"ಬೀಗದ ಕೈ ಯಾರ್ಯಾರ ಹತ್ತಿರ ಇದೆ?"

"ಅಧ್ಯಕ್ಷರ ಹತ್ರ ಒಂದು, ಅವರಕ್ಕ ದೊಡ್ಡಕ್ಕನ ಹತ್ರ ಒಂದು."

"ದೊಡ್ಡಕ್ಕ ಏನಾದರೂ ಹೊರಗೆ ಒಯ್ಯುತ್ತಿದ್ದರಾ?"

"ಮೇಕೆಗೆ ಅಂತ ದಿನಾ ಬುಟ್ಟಿ ತುಂಬ ಹೊಟ್ಟು."

"ಎಷ್ಟು ಮೇಕೆ ಇವೆ?"

ಕಾವಲುಗಾರ ತಲೆ ಕೆರೆದುಕೊಂಡ. "ಈಗ... ಒಂದೂ ಇಲ್ಲ ಮೇಡಂ. ಎಲ್ಲಾ ಮಾರಿಬಿಟ್ರು."

ಮೂರು ಗಂಟೆಗೆ ಜೀಪು ದೊಡ್ಡಕ್ಕನ ಅಂಗಳದಲ್ಲಿ ನಿಂತಿತು. ಮುದುಕಿ ಜರಡಿ ಕೆಳಗಿಡಲಿಲ್ಲ.

"ಬೀಜ ಎಲ್ಲಿ?"

"ಮಣ್ಣಲ್ಲಿ. ಬೀಜ ಇನ್ನೆಲ್ಲಿರಬೇಕು?"

"ಯಾರಿಗೆ ಕೊಟ್ಟಿರಿ?"

"ಹೇಳಲ್ಲ. ಬೇಕಾದ್ರೆ ಹೊಲ ಹೊಲ ತಿರುಗಿ ಮೊಳಕೆಗೆ ಬೇಡಿ ಹಾಕಿ."

"ಆ ಜೊಳ್ಳು ರೈತರ ಮನೆ ಸೇರಿದ್ದರೆ?"

"ಪೊಟ್ಟಣ ಕಟ್ಟೋಳು ನಾನೇ ಕಣಮ್ಮ. ಕಟ್ಟೋ ದಿನ ಎಲ್ಲರೆದುರು ಮೂಟೆ ಬಿಚ್ಚಿ ತೋರಿಸೋಣ ಅಂತಿದ್ದೆ. ಆ ಅಧಿಕಾರಿ ಮೊದಲೇ ವಕ್ಕರಿಸಿದ."

ಹಿಂದೆಯೇ ಬಂದಿದ್ದ ಅಧ್ಯಕ್ಷೆ ಜರಡಿಯ ಅಂಚು ಹಿಡಿದಳು. "ನನ್ನ ಒಂದು ಮಾತು ಕೇಳಬಾರದಿತ್ತಾ ಅಕ್ಕ?"

"ಸಭೇಲಿ ಕೇಳ್ದೆನಲ್ಲ! ಒಂದೆಕರೆಗಾಗೋ ಪೊಟ್ಟಣಕ್ಕಿಂತ ಚಿಕ್ಕದು ಮಾಡಿದ್ರೆ ಗಿಟ್ಟಲ್ಲ ಅಂದೆ ನೀನು. ಅಂಗೈ ಅಗಲ ಹೊಲದವಳು ಅಷ್ಟು ದೊಡ್ಡ ಪೊಟ್ಟಣ ಏನು ಮಾಡ್ತಾಳೆ, ತಲೆದಿಂಬು ಮಾಡ್ಕೋತಾಳಾ?"

ಇನ್ಸ್‌ಪೆಕ್ಟರ್ ಅಧ್ಯಕ್ಷೆಯ ಮುಖ ನೋಡಿದರು. ದೂರು ಹಿಂದಕ್ಕೆ ಪಡೆಯುವ ಮಾತು ಈಗ ಬರಬಹುದು ಎಂದುಕೊಂಡಿದ್ದರು.

"ಹಿಂದಕ್ಕೆ ತಗೊಳ್ಳಲ್ಲ ಮೇಡಂ," ಎಂದಳು ಅವಳು ಕಣ್ಣೊರೆಸಿಕೊಂಡು. "ಅಕ್ಕ ಅಂತ ಮುಚ್ಚಿಟ್ರೆ ನಾಳೆ ನಮ್ಮ ಪೊಟ್ಟಣ ಯಾರು ನಂಬ್ತಾರೆ? ಅಧಿಕಾರಿಗೆ ನಾನೇ ನಿಜ ಹೇಳ್ತೀನಿ. ಅರ್ಜಿ ವಜಾ ಮಾಡಿದ್ರೆ ಮಾಡ್ಲಿ, ಮತ್ತೆ ಹಾಕ್ತೀನಿ. ಕೊಡೋವರೆಗೂ ಹಾಕ್ತೀನಿ."

ದೊಡ್ಡಕ್ಕ ಮೊದಲ ಬಾರಿ ನಕ್ಕಳು. "ಹಂಗಿರಬೇಕು. ನಾನು ಎತ್ತಿ ಆಡಿಸಿದವಳು ಅನ್ನಿಸ್ಕೊಂಡೆ ನೀನು. ಆದ್ರೆ ಚಿಕ್ಕ ಪೊಟ್ಟಣ ಮಾಡದಿದ್ರೆ, ಹೊರಗೆ ಬಂದ್ಮೇಲೆ ಮತ್ತೆ ಬೀಜ ತೆಗೀತೀನಿ, ತಿಳ್ಕೋ."

ಮಹಿಳಾ ಪೇದೆ ಮುಂದೆ ಬಂದಾಗ, "ಕೈ ಬಿಡು ತಾಯಿ, ಓಡೋ ಕಾಲಲ್ಲ ಇವು," ಎಂದು ತಾನೇ ಜೀಪು ಹತ್ತಿದಳು. ಬಂಧನದ ಸಮಯ ಮೂರೂ ಮುಕ್ಕಾಲು ಎಂದು ಮೀಸೆ ಬರೆದುಕೊಂಡ.

ಠಾಣೆಯಲ್ಲಿ ಹೇಳಿಕೆ ಓದಿ ಹೇಳುವಾಗ 'ಮಾಡಿದ್ದಕ್ಕೆ ಪಶ್ಚಾತ್ತಾಪವಿದೆ' ಎಂಬ ಸಾಲು ಬಂತು. ಮೀಸೆ ಅಭ್ಯಾಸಬಲದಿಂದ ಬರೆದದ್ದು.

"ಹೊಡೆದು ಹಾಕಿ," ಎಂದಳು ದೊಡ್ಡಕ್ಕ. "ಪಶ್ಚಾತ್ತಾಪ ಇಲ್ಲ ಅಂತ ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ಆ ಸಾಲು ಹೊಡೆದು, ಕಾರಣವನ್ನು ತಮ್ಮ ಕೈಯಾರೆ ಬರೆದರು. ಬಿತ್ತನೆಗೆ ಮುಂಚೆ ಒಬ್ಬ ಹೆಂಗಸು ಸೆರಗೊಡ್ಡಿ ಇಷ್ಟೇ ಇಷ್ಟು ಬೀಜ ಕೇಳಿದ್ದಳು. ಕಂಪನಿಯ ನಿಯಮದಂತೆ ಕಾವಲುಗಾರ ಅವಳನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದ. ದೊಡ್ಡಕ್ಕನ ಅಂಗಳಕ್ಕೆ ಆ ಜೋಳದ ತಳಿಯ ಮೊದಲ ಹಿಡಿ ಬೀಜ ಬಂದದ್ದು ಅದೇ ಹೆಂಗಸಿನ ತಾಯಿಯ ಕೈಯಿಂದ. ಅದನ್ನು ಹೇಳುವಾಗ ಮಾತ್ರ ಮುದುಕಿಯ ದನಿ ಇಳಿದಿತ್ತು.